ಹಗೇವಿಗೆ ಇಳಿಸಿದ ದೀಪ

ನನ್ನ ಹೊಲದ ಮಣ್ಣಿನ ಕೆಳಗೆ ಒಂದು ರೈತನ ಮನೆ ಹುಗಿದುಹೋಗಿದೆ ಎಂಬುದು ನನಗೆ ತಿಳಿದದ್ದು ನನ್ನ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ.

ಹಾವೇರಿಯಿಂದ ಅಗಡಿಗೆ ಹೋಗುವ ದಾರಿಯ ಎಡಕ್ಕೆ, ತುಸು ಏರಿನ ಮೇಲೆ, ಹಿರಿಯರಿಂದ ಬಂದ ನಾಲ್ಕು ಎಕರೆ ಎರೆಭೂಮಿ ನನಗಿದೆ. ನಾನು ಅದನ್ನು ಉತ್ತವನಲ್ಲ. ಎಳೆಯ ವಯಸ್ಸಿನಲ್ಲಿ ಪಾಠಶಾಲೆಗೆ ಸೇರಿ, ಆಮೇಲೆ ರಾಣೆಬೆನ್ನೂರಿನ ಒಂದು ಹೈಸ್ಕೂಲಿನಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸುತ್ತ ಆಯುಷ್ಯ ಕಳೆದವನು. ಭೂಮಿಯನ್ನು ಇಪ್ಪತ್ತು ವರ್ಷಗಳಿಂದ ಒಬ್ಬನೇ ರೈತ ಲಾವಣಿಗೆ, ಎಂದರೆ ಗೇಣಿಗೆ, ಮಾಡಿಕೊಂಡು ಬಂದಿದ್ದಾನೆ. ನಗುಮುಖದ, ಎತ್ತರದ ಆಳು. ಅವನ ಹೆಂಡತಿ ಬ್ಯಾಡಗಿ ಕಡೆಯ ಹಳ್ಳಿಯವಳು. ಮಾತು ಕಡಿಮೆ, ಆದರೆ ಆಡಿದ ಮಾತಿಗೆ ತೂಕವುಂಟು. ಆ ತೂಕವನ್ನು ನಾನು ಅರಿತದ್ದು ತಡವಾಗಿ. ಅದನ್ನು ಹೇಳಿಕೊಳ್ಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಬೇಸಿಗೆಯಲ್ಲಿ ಕೃಷಿಹೊಂಡ ತೋಡಿಸಲು ಜೆಸಿಬಿ ತರಿಸಿದ್ದೆವು. ಮಧ್ಯಾಹ್ನ ಆ ರೈತ ಫೋನು ಮಾಡಿದ.

"ಮಾಸ್ತರ್ರ, ಜೆಸಿಬಿ ನಿಂದ್ರಿಸೇನಿ. ಒಳಗ ಗ್ವಾಡಿ ಬಂದೈತ್ರಿ. ಬೀಸೋ ಕಲ್ಲಿಂದು ಅರ್ಧ ಹೋಳು ಎದ್ದೈತಿ. ನೀವು ಬರ್ರಿ, ನನಗ್ಯಾಕೋ ಇದು ಸುಮ್ಮನ ಬಿಡೋ ಹಂಗ ಕಾಣವಲ್ದು."

ಹೋಗಿ ನೋಡಿದೆ. ಕರಿಮಣ್ಣಿನ ನಡುವೆ ಕೆಂಪು ಮಣ್ಣಿನ ಗೋಡೆಯ ತಳ ಒಂದು ಗೆರೆ ಎಳೆದಂತೆ ಕಾಣುತ್ತಿತ್ತು. ತಿಳಿದವರಿಗೆ ತಿಳಿಸಿದೆ. ತಿಂಗಳೊಪ್ಪತ್ತಿನಲ್ಲಿ ವಿಶ್ವವಿದ್ಯಾಲಯದಿಂದ ಒಂದು ತಂಡ ಬಂದಿತು. ತಂಡದ ಮುಖ್ಯಸ್ಥೆ ಮೈಸೂರು ಸೀಮೆಯ ನಲವತ್ತರ ಹೆಣ್ಣುಮಗಳು. ಜತೆಗೆ ಇಬ್ಬರು ನುರಿತ ಅಗೆತದವರು. ಅಗೆದದ್ದನ್ನು ಜರಡಿ ಹಿಡಿಯಲು ನಮ್ಮ ರೈತನನ್ನೂ ಅವನ ಹೆಂಡತಿಯನ್ನೂ ಕೂಲಿಗೆ ಕರೆದುಕೊಂಡರು. ನೂಲು ಕಟ್ಟಿ ನೆಲವನ್ನು ಚೌಕಗಳಾಗಿ ವಿಂಗಡಿಸಿ, ಬ್ರಷ್ಷಿನಿಂದ ಮಣ್ಣು ಸರಿಸತೊಡಗಿದರು. ಮುನ್ನೂರು ನಾನ್ನೂರು ವರ್ಷಗಳ ಹಿಂದಿನ ಒಕ್ಕಲುಮನೆ ಇರಬಹುದೆಂದು ಆಕೆ ಹೇಳಿದಾಗ, ನಿಜ ಹೇಳುತ್ತೇನೆ, ನನಗೆ ತುಸು ನಿರಾಶೆಯಾಯಿತು. ಗುಡಿಯ ತಳಪಾಯವೋ ಶಾಸನವೋ ಸಿಕ್ಕೀತೆಂದು ನಾನು ಒಳಗೊಳಗೇ ಆಸೆಪಟ್ಟಿದ್ದೆ.

ಆದರೂ ದಿನವೂ ಬೆಳಗಿನ ಪೂಜೆ ಮುಗಿಸಿ ಹೋಗಿ, ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದೆ. ಸಿಕ್ಕ ಸಾಮಾನುಗಳನ್ನು ತಾಡಪತ್ರಿಯ ಮೇಲೆ ಹರವಿ, "ಸರ್, ಇದೇನಿರಬಹುದು?" ಎಂದು ಆಕೆ ಕೇಳುವಳು. ನಾನು ಹೇಳುವೆನು. ಆಕೆ ಚೀಟಿ ಬರೆದು ಅಂಟಿಸುವಳು. ಈಳಿಗೆಯ ಸವೆದ ಅಲಗು. ನೂಲುವ ಕದರಿನ ಕಲ್ಲುಬಿಲ್ಲೆ. ತೂತು ಬಿದ್ದ ತಾಮ್ರದ ಗಿಂಡಿ. ನೀರಿನ ಹರವಿಯ ಕಂಠ. ಹಸಿರು ಗಾಜಿನ ಬಳೆಚೂರು, ಒಂದು ಮುಷ್ಟಿಯಷ್ಟು. ಹಿಡಿಕೆಯಿಲ್ಲದ ಕುಡುಗೋಲು.

ಮೊದಮೊದಲು ಇವುಗಳನ್ನು ಹೆಸರಿಸುವುದು ನನಗೆ ಹರ್ಷದ ಕೆಲಸವಾಗಿತ್ತು. ಹರ್ಷ ಕುಂದಿದ್ದು ಒಲೆ ಕಂಡ ದಿನ. ಒಲೆಯ ಮೇಲೆ ರೊಟ್ಟಿಯ ಹಂಚು ಇಟ್ಟಂತೆಯೇ ಇತ್ತು. ಮಣ್ಣಿನ ಹಂಚು, ಎರಡು ಹೋಳಾಗಿತ್ತು, ಆದರೆ ಸ್ಥಾನ ಬಿಟ್ಟು ಕದಲಿರಲಿಲ್ಲ. ಪಕ್ಕದಲ್ಲಿ ಗಡಿಗೆ. ಗಡಿಗೆಯ ಮೇಲೆ ಮುಚ್ಚಳ.

ರೈತನ ಹೆಂಡತಿ ಜರಡಿ ಕೆಳಗಿಟ್ಟು ಹತ್ತಿರ ಬಂದಳು. ಬಹಳ ಹೊತ್ತು ನೋಡಿದಳು.

"ಮನಿ ಬಿಟ್ಟು ಹೋಗೋರು ಹಂಚು ಬಿಟ್ಟು ಹೋಗಂಗಿಲ್ರಿ," ಎಂದಳು. "ಏನ್ ಬಿಟ್ರೂ ಹಂಚು ಬಿಡಂಗಿಲ್ಲ."

ಸುಟ್ಟ ಗುರುತಿಲ್ಲ, ಎಲುಬುಗಳಿಲ್ಲ. ಮನೆಯೊಂದು ರೊಟ್ಟಿ ಬೇಯುವ ಹೊತ್ತಿನಲ್ಲಿ ಬರಿದಾಗಿತ್ತು, ಅಷ್ಟೆ. ಆ ದಿನದಿಂದ ನನಗೆ ಆ ತಗ್ಗಿನ ಅಂಚಿಗೆ ಹೋಗಿ ನಿಲ್ಲುವುದು ಕಷ್ಟವಾಯಿತು. ಏನನ್ನು ಕಂಡು ಓಡಿದರು? ಅಥವಾ ಓಡಲೂ ಆಗಲಿಲ್ಲವೇ? ಮನೆಗೆ ಬಂದು ಕೈಕಾಲು ತೊಳೆದುಕೊಂಡು ಜಪಕ್ಕೆ ಕುಳಿತರೂ ಕಣ್ಣು ಮುಚ್ಚಿದೊಡನೆ ಆ ಹಂಚು ಕಾಣುತ್ತಿತ್ತು. ಯಾರದೋ ಅಡುಗೆಮನೆಗೆ ಕೇಳದೆ ನುಗ್ಗಿದ್ದೇವೆಂಬ ಅಳುಕು ಎದೆಯಲ್ಲಿ ನಿಂತುಬಿಟ್ಟಿತು.

ಆ ಅಳುಕಿನ ದಿನಗಳಲ್ಲಿಯೇ ಹಿತ್ತಲ ಕಡೆಯ ಚೌಕದಲ್ಲಿ ಒಂದು ದೀಪ ಸಿಕ್ಕಿತು. ಅಂಗೈಯಗಲದ, ಆಳವಿಲ್ಲದ ಕಬ್ಬಿಣದ ತಟ್ಟೆ. ಅಂಚಿನಲ್ಲಿ ಮೂರು ರಂಧ್ರ, ರಂಧ್ರಗಳಿಂದ ಹೊರಟ ಮೂರು ಎಳೆ ಕೂಡಿದ ಸರಪಳಿ. ತುಕ್ಕು ಹಿಡಿದು ಮುದ್ದೆಯಾಗಿದ್ದ ಅದನ್ನು ಬಿಡಿಸಿ ಚಾಚಿದಾಗ ಆಳಿನುದ್ದಕ್ಕಿಂತ ಹೆಚ್ಚೇ ಬಂದಿತು. ಕಡೆಗೂ ನನಗೆ ಬೇಕಾದದ್ದು ಸಿಕ್ಕಿತೆಂದು ನನ್ನ ಮನಸ್ಸು ಹಿಗ್ಗಿತು. ಭಯಪಡುತ್ತಿದ್ದ ಮನೆಯಲ್ಲಿ ದೇವರ ಗುರುತೊಂದು ಕಂಡಂತಾಯಿತು.

"ನಂದಾದೀಪ," ಎಂದೆ. "ದೇವರ ಮುಂದೆ ತೂಗುಬಿಡುವ ದೀಪ. ಒಕ್ಕಲುಮನೆಯಾದರೂ ಎಂಥ ಭಕ್ತರಿದ್ದರು ನೋಡಿರಿ."

ರೈತನ ಹೆಂಡತಿ ಸರಪಳಿಯನ್ನು ಕಣ್ಣಿನಲ್ಲೇ ಅಳೆದಳು.

"ಇಷ್ಟುದ್ದ ಸರಪಳಿ ದೇವರ ಮುಂದ ಯಾಕ್ರಿ ಮಾಸ್ತರ್ರ? ನೆಲಕ್ಕ ಹತ್ತತೈತಿ. ಇದು ಮನಿಯಾಗಿಂದಲ್ಲ ಅನಸ್ತೈತ್ರಿ ನನಗ. ಹಗೇವ..."

ನಾನು ಮಾತು ಮುಗಿಸಗೊಡಲಿಲ್ಲ. "ಇರಲಿ ತಂಗಿ, ದೇವರ ದೀಪದ ವಿಚಾರ ನಾ ನೋಡ್ತೀನಿ, ನೀ ಜರಡಿ ನೋಡು," ಎಂದುಬಿಟ್ಟೆ. ದೀಪದಾನದ ಮಹಿಮೆ ಹೇಳುವ ಒಂದು ಶ್ಲೋಕವನ್ನೂ ಹೇಳಿದೆ.

ಅವಳ ಗಂಡ ನಕ್ಕ. "ಆಕಿ ತವರಮನಿಯಾಗ ದೇವರಿಗೂ ಚಿಮಣಿ ಬುಡ್ಡೀನ ಗತಿರಿ. ಆಕಿಗೇನ್ ಗೊತ್ತು ನಂದಾದೀಪ?"

"ನಿಮ್ಮ ಮನಿಯಾಗ ಅದೂ ಇರಲಿಲ್ಲ. ಕತ್ತಲದಾಗ ಕೈಮುಗೀತಿದ್ರಿ," ಎಂದಳು ಅವಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಖ್ಯಸ್ಥೆ ಚೀಟಿಯ ಮೇಲೆ "ನಂದಾದೀಪ" ಎಂದು ಬರೆದಳು. ರೈತನ ಹೆಂಡತಿ ಜರಡಿಯ ಕಡೆಗೆ ತಿರುಗಿದಳು. ಆ ಬಳಿಕ ಅವಳು ಯಾವ ಸಾಮಾನಿನ ಬಗೆಗೂ ತಾನಾಗಿ ಬಾಯಿ ತೆರೆಯಲಿಲ್ಲ. ಅದನ್ನು ನಾನು ಗಮನಿಸಲೂ ಇಲ್ಲ.

ರೋಹಿಣಿ ಮಳೆಯ ಮೋಡ ಕಟ್ಟುತ್ತಿದ್ದ ವಾರದಲ್ಲಿ ಹಿತ್ತಲ ಮೂಲೆಯಲ್ಲಿ ಒಂದು ಚಪ್ಪಡಿ ಕಂಡಿತು. ಸುತ್ತ ಮೆತ್ತಿದ ಮಣ್ಣು ಕಲ್ಲಿನಂತೆ ಗಟ್ಟಿಯಾಗಿತ್ತು. ಅದನ್ನು ಎಬ್ಬಿಸಿದಾಗ ಒಬ್ಬ ಆಳು ಹೆಗಲು ಕುಗ್ಗಿಸಿ ಇಳಿಯಬಹುದಾದಷ್ಟು ಕಿರಿದಾದ ಬಾಯಿ. ಒಳಗೆ ಕತ್ತಲೆ. ಹುಳಿತ ಜೋಳದ ವಾಸನೆಯೊಂದು ಮೆಲ್ಲಗೆ ಮೇಲೆದ್ದಿತು. ನಾನು ಅದನ್ನು ಅರುವತ್ತು ವರ್ಷಗಳಿಂದ ಮೂಸಿರಲಿಲ್ಲ, ಆದರೆ ಮೂಗು ಮರೆತಿರಲಿಲ್ಲ.

"ಹಗೇವು!" ಎಂದೆ.

ಹಗೇವೆಂದರೆ ನೆಲದೊಳಗಿನ ಕಣಜ. ಬಾಯಿ ಕಿರಿದು, ಹೊಟ್ಟೆ ಅಗಲ. ಸುಗ್ಗಿಯ ಜೋಳ ತುಂಬಿ, ಹುಲ್ಲು ಹಾಸಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡದು. ನನ್ನ ಬಾಲ್ಯದಲ್ಲಿ ನಮ್ಮ ಮನೆಯ ಮುಂದೆಯೂ ಒಂದಿತ್ತು. ಅದನ್ನು ತೆರೆಯುವ ದಿನ ಮನೆಯಲ್ಲಿ ಹಬ್ಬದ ಗಾಂಭೀರ್ಯ. ಅಜ್ಜಿ ಬಾಯಿಯ ಸುತ್ತ ಅರಿಷಿಣ ಕುಂಕುಮ ಏರಿಸುವಳು. ನಮ್ಮ ತಂದೆ ಮಡಿಯಲ್ಲಿ ನಿಂತು ಹಚ್ಚಿದ ಪಣತಿಯೊಂದನ್ನು ಹಗ್ಗದಲ್ಲಿ ಕಟ್ಟಿ ಮೆಲ್ಲಗೆ ಇಳಿಬಿಡುವರು. ಮಕ್ಕಳಾದ ನಾವು ದೂರ ನಿಂತು ಉಸಿರು ಬಿಗಿಹಿಡಿದು ನೋಡಬೇಕು. ಕೆಲವೊಮ್ಮೆ ದೀಪ ಆರಿಬಿಡುತ್ತಿತ್ತು. ಆಗ ತಂದೆ ಕೈಮುಗಿದು, "ಇವತ್ತು ತಾಯಿ ಒಲ್ಲೆ ಅಂತಾಳ," ಎಂದು ಹೇಳಿ, ಬಾಯಿ ತೆರೆದಿಟ್ಟು, ಯಾರೂ ಹತ್ತಿರ ಸುಳಿಯದಂತೆ ಮುಳ್ಳು ಹಾಕಿಸುವರು. ಮರುದಿನ ಮತ್ತೆ ದೀಪ. ಆರದಿದ್ದರೆ, "ಹೂಂ, ಇಳೀರಿ," ಎಂದು ಅಪ್ಪಣೆ.

ತಾಯಿ ಎಂದರೆ ಧಾನ್ಯಲಕ್ಷ್ಮಿ ಎಂದು ನಾನು ತಿಳಿದೆ. ದೊಡ್ಡವನಾಗಿ ಓದಿದ ಮೇಲೆ ಆ ತಿಳಿವಳಿಕೆಗೆ ಇನ್ನಷ್ಟು ಒಪ್ಪ ಕೊಟ್ಟೆ. ಅನ್ನವನ್ನು ತೆಗೆಯುವ ಮುನ್ನ ಅನ್ನದ ದೇವತೆಗೆ ಎತ್ತುವ ಆರತಿ ಅದು, ನಮ್ಮ ಒಕ್ಕಲಿಗರ ಭಕ್ತಿ ಎಷ್ಟು ಸುಂದರ ಎಂದು ತರಗತಿಯಲ್ಲಿ ಮಕ್ಕಳಿಗೆ ಹೇಳಿದ್ದೂ ಉಂಟು. ದೀಪ ಏಕೆ ಆರುತ್ತಿತ್ತೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ದೇವಿಯ ಇಚ್ಛೆಗೆ ಕಾರಣ ಹುಡುಕುವುದು ಅವಿನಯವೆಂದುಕೊಂಡಿದ್ದೆ.

ಚಪ್ಪಡಿ ಎಬ್ಬಿಸಿ ಒಂದು ದಿನ ಬಿಟ್ಟರು. ಎರಡನೆಯ ದಿನ ಬೆಳಿಗ್ಗೆ ಪಡುವಣದಲ್ಲಿ ಮೋಡ ಕಪ್ಪಾಗಿತ್ತು. ಮಳೆ ಹೊಯ್ದರೆ ಹಗೇವಿಗೆ ನೀರು ನುಗ್ಗುವುದು ಖಂಡಿತ. ಮುಖ್ಯಸ್ಥೆ ಚಿಂತೆಯಲ್ಲಿ ನನ್ನ ಬಳಿಗೆ ಬಂದಳು.

"ಸರ್, ಒಳಗಿನ ಗಾಳಿ ನೋಡೋ ಯಂತ್ರ ಬರೋಕೆ ಇನ್ನೂ ಎರಡು ದಿನ ಬೇಕಂತೆ. ಅಷ್ಟರಲ್ಲಿ ಮಳೆ ಬಂದರೆ ಎಲ್ಲ ಹೋಯ್ತು. ಹಿಂದೆ ನಿಮ್ಮ ಕಡೆ ಹೇಗೆ ಇಳೀತಿದ್ರು?"

"ಯಂತ್ರ ಯಾಕಮ್ಮ?" ಎಂದೆ. "ನಮ್ಮ ಹಿರಿಯರದೇ ಕ್ರಮವಿದೆ. ದೀಪ ಇಳಿಸಬೇಕು. ಆಮೇಲೆ ಇಳಿಯಬೇಕು."

"ಬೆಂಕಿ ಬೇಡ ಸರ್. ಒಳಗೆ ಹಳೇ ಇದ್ದಿಲು ಇದ್ದರೆ ಮಾದರಿ ತೆಗೀಬೇಕು. ಹೊಸ ಮಸಿ ಬಿದ್ದರೆ ಕಾಲ ಗೊತ್ತುಮಾಡೋದು ಕೆಡುತ್ತೆ. ಬ್ಯಾಟರಿ ದೀಪ ಆಗುತ್ತಾ?"

ನಾನು ಒಂದು ಗಳಿಗೆ ಯೋಚಿಸಿದೆ. ಯೋಚಿಸಿದ್ದು ಶಾಸ್ತ್ರವನ್ನು. ಎಣ್ಣೆಯಿಲ್ಲದಿದ್ದರೆ ಅಕ್ಷತೆಯಿಂದಲೂ ಆರತಿಯ ಭಾವ ಸಲ್ಲುತ್ತದೆ, ಭಾವವಲ್ಲವೇ ಮುಖ್ಯ ಎನ್ನಿಸಿತು. "ಆಗಬಹುದು," ಎಂದೆ.

ಹಗೇವಿನ ಬಾಯಿಗೆ ಕುಂಕುಮ ಇಟ್ಟು ನಾನೇ ಕೈಮುಗಿದೆ. ಬ್ಯಾಟರಿ ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಅದು ತಿರುಗುತ್ತ ತಿರುಗುತ್ತ ಎರಡಾಳಿನ ಆಳಕ್ಕೆ ಇಳಿದು, ತಳದಲ್ಲಿ ನಿಂತು, ಬೆಳ್ಳಗೆ ಬೆಳಗಿತು. ನನ್ನ ಮಂಜುಗಣ್ಣಿಗೂ ಕಾಣುವಷ್ಟು ಬೆಳಕು. ಆರಲಿಲ್ಲ. ಆರುವುದಾದರೂ ಹೇಗೆ? ಒಲ್ಲೆ ಎನ್ನಲು ಬಾರದ ದೀಪವನ್ನು ನಾವು ಇಳಿಸಿದ್ದೆವು.

"ಹೂಂ, ಇಳೀರಿ," ಎಂದೆ, ತಂದೆಯ ದನಿಯಲ್ಲಿಯೇ.

ನಮ್ಮ ರೈತ ತಾನಾಗಿ ಮುಂದೆ ಬಂದ. ಅವನ ಹೆಂಡತಿ ಜರಡಿ ಬಿಟ್ಟು ಓಡಿಬಂದು ನನ್ನ ಮುಖ ನೋಡಿದಳು. ಏನೋ ಹೇಳುವಳೆಂದು ನಾನು ಕಾದೆ. ಅವಳು ಹೇಳಲಿಲ್ಲ. ಬಗ್ಗಿ ದಪ್ಪ ಹಗ್ಗವನ್ನೆತ್ತಿಕೊಂಡು ಗಂಡನ ಸೊಂಟಕ್ಕಲ್ಲ, ಎರಡೂ ಕಂಕುಳಲ್ಲಿ ಹಾಯಿಸಿ ಬೆನ್ನಿನ ಮೇಲೆ ಗಂಟು ಹಾಕಿದಳು. ಎಳೆದು ನೋಡಿದಳು. ಮತ್ತೊಂದು ಗಂಟು ಹಾಕಿದಳು.

"ನಾ ಏನು ಬಾವಿಗೆ ಬಿಡೋ ಕೊಡ ಏನು?" ಎಂದು ಅವನು ನಕ್ಕ.

"ಕೊಡ ಆಗಿದ್ರ ಚಿಂತಿ ಇರಲಿಲ್ಲ. ಒಡದ್ರ ಇನ್ನೊಂದು ಸಿಗತೈತಿ," ಎಂದಳು. ನಗಲಿಲ್ಲ. "ಒಳಗ ಹೋದಮ್ಯಾಲೆ ಸುಮ್ಮನಾಗಬ್ಯಾಡ್ರಿ. ಮಾತಾಡಕೊಂತ ಇರ್ರಿ. ನಿಂದ್ರಿಸಬ್ಯಾಡ್ರಿ."

"ನಿನ್ನ ಸಂಗಾಟ ಮಾತಾಡಾಕ ಹಗೇವಕ್ಕ ಇಳೀಬೇಕಾತು ನೋಡು."

ಅವನು ಇಳಿದ. ಹೆಗಲು ಮರೆಯಾಯಿತು, ತಲೆಯ ಮೇಲಿನ ರುಮಾಲು ಮರೆಯಾಯಿತು. ಇಬ್ಬರು ಅಗೆತದವರು ಹಗ್ಗ ಹಿಡಿದಿದ್ದರು. ಅವಳೂ ಹಗ್ಗದ ಮೇಲೆ ಕೈಯಿಟ್ಟು ಕುಳಿತಿದ್ದಳು. ಕೆಳಗಿನಿಂದ ಅವನ ದನಿ ಗಡಿಗೆಯೊಳಗೆ ಮಾತಾಡಿದಂತೆ ಬಂದಿತು.

"ಹುಲ್ಲು ಮೆತ್ತೇತಿ ಗ್ವಾಡಿಗೆ. ಬೆಚ್ಚಗೈತಿ ಇಲ್ಲಿ... ಗಡಿಗಿ ಅದಾವ್ರಿ ಮಾಸ್ತರ್ರ! ಸಾಲಾಗಿ ಇಟ್ಟಾರ. ಬಾಯಿ ಕಟ್ಟೇತಿ."

ಮುಖ್ಯಸ್ಥೆಯ ಮುಖ ಅರಳಿತು. "ಎಷ್ಟಿವೆ? ಮುಟ್ಟಬೇಡಿ, ಎಣಿಸಿ ಹೇಳಿ," ಎಂದು ಕೂಗಿದಳು.

"ಎಣಸ್ತೀನಿ ತಗೋರಿ. ಲಾಭ... ಎರಡು... ಮೂರು..."

ನಮ್ಮ ಸೀಮೆಯಲ್ಲಿ ಕಾಳು ಅಳೆಯುವಾಗ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆ ಗಾಢ ಕತ್ತಲೆಯಿಂದ ಆ ಮಂಗಳದ ಮಾತು ಕೇಳಿ ನನಗೆ ಸಂತೋಷವೇ ಆಯಿತು.

"ನಾಕು... ಎರಡು... ಮೂರು... ಎರಡು..."

"ಮತ್ತೆ ಮೊದಲಿಂದ ಎಣಿಸುತ್ತಿದ್ದಾನೆ," ಎಂದೆ ನಾನು.

ಅವಳು ಎದ್ದು ನಿಂತಿದ್ದಳು.

"ಎರಡು..." ಎಂದಿತು ಕೆಳಗಿನ ದನಿ, ನಿದ್ದೆಯಲ್ಲಿ ಮಾತಾಡುವವನಂತೆ. ಆಮೇಲೆ ಏನೋ ಮೆತ್ತಗೆ ಬಿದ್ದ ಸದ್ದು. ಆಮೇಲೆ ಏನೂ ಇಲ್ಲ.

"ಎಳೀರಿ!" ಎಂದು ಅವಳು ಚೀರಿದಳು.

ನಾನು ಬಾಯಿಯ ಅಂಚಿಗೆ ಮಂಡಿಯೂರಿ ಬಗ್ಗಿ ನೋಡಿದೆ. ಅವನು ಪಕ್ಕಕ್ಕೆ ಬಿದ್ದಿದ್ದ. ಕಣ್ಣು ಅರೆ ತೆರೆದಿದ್ದವು. ದೀಪ ಅವನ ಕೆನ್ನೆಯ ಪಕ್ಕದಲ್ಲಿಯೇ ನಿಶ್ಚಲವಾಗಿ, ನಿರ್ಮಲವಾಗಿ ಉರಿಯುತ್ತಿತ್ತು. ಆ ಬೆಳಕಿನಷ್ಟು ಭಯಂಕರವಾದದ್ದನ್ನು ನಾನು ಇದುವರೆಗೆ ಕಂಡಿಲ್ಲ. ತಂದೆಯ ಪಣತಿ ಏಕೆ ಆರುತ್ತಿತ್ತು ಎಂಬುದು ಆ ಕ್ಷಣದಲ್ಲಿ, ಮಂಡಿಯೂರಿದ್ದಲ್ಲಿಯೇ, ನನಗೆ ತಿಳಿಯಿತು. ಬಾಯಿಂದ ದೇವರ ನಾಮವೂ ಹೊರಡಲಿಲ್ಲ.

ಅಗೆತದವರಲ್ಲೊಬ್ಬ ಹಗ್ಗ ಬಿಟ್ಟು ಒಳಗೆ ಕಾಲಿಡಲು ಹೋದ. ಅವಳು ಅವನ ಅಂಗಿಯ ಕೊರಳುಪಟ್ಟಿ ಹಿಡಿದು ಹಿಂದಕ್ಕೆಳೆದಳು.

"ಇಳೀಬ್ಯಾಡ! ಇನ್ನೊಂದು ಹೆಣ ಬೇಕೇನು? ಹಗ್ಗ ಹಿಡಿ!"

ಎಳೆದರು. ಮುಖ್ಯಸ್ಥೆ ಹಿಡಿದಳು, ನಾನೂ ಹಿಡಿದೆ. ಅವಳು "ಏಳು ಕೋಟಿಗೋ... ಏಳು ಕೋಟಿಗೋ..." ಎಂದು ದೇವರಗುಡ್ಡದ ದೇವರನ್ನು ಕೂಗುತ್ತ, ಆ ಕೂಗಿನ ಲಯಕ್ಕೆ ನಮ್ಮನ್ನು ಎಳೆಸಿದಳು. ಅವನು ಮೇಲೆ ಬಂದ, ಕಿರಿದಾದ ಕೊರಳಿನಲ್ಲಿ ಸಿಕ್ಕಿಕೊಂಡ. ಒಂದು ಹೆಗಲು ಕಲ್ಲಿಗೆ ತಾಗಿತ್ತು. ಎಳೆದಷ್ಟೂ ಅಲ್ಲಿಯೇ ಬಿಗಿಯುತ್ತಿತ್ತು. ಕೈಗೆ ಎಟಕುವಷ್ಟು ದೂರದಲ್ಲಿ ಅವನ ತಲೆ ಎದೆಯ ಮೇಲೆ ಜೋತಿತ್ತು. ರುಮಾಲು ಬಿದ್ದು ನರೆಗೂದಲು ಕಾಣುತ್ತಿತ್ತು. ಅವನಿಗೆ ಕೂದಲು ನರೆತದ್ದೇ ನನಗೆ ಅದುವರೆಗೆ ಗೊತ್ತಿರಲಿಲ್ಲ.

"ಬಿಡ್ರಿ! ಒಂದು ಮೊಳ ಬಿಡ್ರಿ ಕೆಳಗ!" ಎಂದಳು.

ಯಾರಿಗೂ ಬಿಡುವ ಧೈರ್ಯವಾಗಲಿಲ್ಲ. ಮತ್ತೆ ಆ ಕತ್ತಲೆಯ ಕಡೆಗೆ ಅವನನ್ನು ನಮ್ಮ ಕೈಯಿಂದಲೇ ಇಳಿಸುವುದೇ?

"ಬಿಡ್ರಿ ಅಂದ್ರ ಬಿಡ್ರಿ!"

ಬಿಟ್ಟೆವು. ಅವಳು ನೆಲಕ್ಕೆ ಬೋರಲು ಮಲಗಿ, ತೋಳು ಒಳಗೆ ಚಾಚಿ, ಅವನ ಕೈಯನ್ನು ತಲೆಯ ಮೇಲಕ್ಕೆ ಎತ್ತಿಸಿ ಹಿಡಿದಳು. "ಈಗ," ಎಂದಳು. ಎಳೆದೆವು. ಹೆಗಲು ಓರೆಯಾಗಿ ನುಸುಳಿತು. ಅವನು ಹೊರಗೆ ಬಂದ.

ತುಟಿ ನೇರಳೆಯಾಗಿತ್ತು. ಅವಳು ಅವನನ್ನು ಎಳೆದೊಯ್ದು ಗಾಳಿ ಬೀಸುವ ಬದುವಿನ ಮೇಲೆ ಮಲಗಿಸಿದಳು. ಬಾಯಿಗೆ ಬಾಯಿ ಹಚ್ಚಿ ಊದಿದಳು. ಎದೆ ಗುದ್ದಿದಳು. ಇಪ್ಪತ್ತು ವರ್ಷಗಳಲ್ಲಿ ಗಂಡನನ್ನು "ರಿ" ಹಚ್ಚದೆ ಮಾತಾಡಿಸಿದ್ದನ್ನು ನಾನು ಕೇಳಿರಲಿಲ್ಲ. ಆಗ ಕೇಳಿದೆ.

"ಏಳೋ. ಏಳೋ ನನ್ನಪ್ಪಾ. ಎಲ್ಲಿ ಹೊಂಟೀದಿ ನನ್ನ ಬಿಟ್ಟು? ಏಳೋ!"

ಎಷ್ಟು ಹೊತ್ತಾಯಿತೋ ಹೇಳಲಾರೆ. ಅವನ ಗಂಟಲಿನಿಂದ ಹರಿದ ಬಟ್ಟೆಯಂಥ ಒಂದು ಸದ್ದು ಬಂದು ಎದೆ ಏರಿತು. ಇಳಿಯಿತು. ಮತ್ತೆ ಏರಿತು.

ಆಂಬುಲೆನ್ಸು ಬಂದಿತು. ಹಾವೇರಿಯ ಆಸ್ಪತ್ರೆಯಲ್ಲಿ ಅವನ ಮೂಗಿಗೆ ನಳಿಕೆ ಇಟ್ಟರು. ಉಸಿರು ಬಂದಿದೆ, ಆದರೆ ಮಿದುಳಿಗೆ ಗಾಳಿ ತಪ್ಪಿದ್ದು ಎಷ್ಟು ಹೊತ್ತು ಎಂಬುದು ತಿಳಿಯದು, ಪೂರ್ತಿ ಎಚ್ಚರವಾದಾಗ ಹೇಗಿರುತ್ತಾನೋ ನೋಡಬೇಕು ಎಂದರು ವೈದ್ಯರು. ಹೊರಗಿನ ಬೆಂಚಿನ ಮೇಲೆ ಅವಳೂ ನಾನೂ ಕುಳಿತೆವು. ಅವಳ ಮೊಣಕೈ ಕಲ್ಲಿಗೆ ತರಚಿ ರಕ್ತ ಒಣಗಿತ್ತು. ಅವಳು ಅದನ್ನು ನೋಡಿಕೊಂಡಿರಲಿಲ್ಲ.

ನನ್ನ ಭಯದಲ್ಲಿ ಎರಡು ಎಳೆಗಳಿದ್ದವು. ಒಂದು, ಅವನು ಉಳಿಯುವನೋ ಇಲ್ಲವೋ ಎಂಬುದು. ಇನ್ನೊಂದನ್ನು ಬರೆಯಲು ನಾಚಿಕೆಯಾಗುತ್ತದೆ. ಅವಳು ನನ್ನ ಕಡೆಗೆ ತಿರುಗಿ ಮಾತಾಡಿಬಿಡುವಳೋ ಎಂಬುದು. ಕಡೆಗೆ ನಾನೇ ಬಾಯಿ ತೆರೆದೆ.

"ತಪ್ಪು ನಂದು, ತಂಗಿ. ದೀಪ ಆರತಿ ಅಂತ ತಿಳಿದಿದ್ದೆ. ಅದು ಗಾಳಿ ನೋಡೋ ದೀಪ."

"ಹೌದ್ರಿ," ಎಂದಳು. ಅಲ್ಲಗಳೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ನಮ್ಮ ಅಜ್ಜಿ ಹಂಗ ಇಳಿಬಿಡ್ತಿದ್ಲು. ದೀಪ ಆರಿದ್ರ ಝಳ ಐತಿ, ಉಸಿರು ಕಟ್ಟೋ ಗಾಳಿ ಐತಿ ಅಂತ. ಆ ಝಳಕ್ಕ ಆಕಿ ಅಣ್ಣ ಹೋಗಿದ್ದ. ನೀವು ನಂದಾದೀಪ ಅಂದ್ರೆಲ್ಲ, ಅಂಥಾದ ಇತ್ತು ಆಕಿ ಹತ್ರ. ಅಷ್ಟ ಉದ್ದ ಸರಪಳಿ."

"ಮತ್ತ ಇವತ್ತು ಯಾಕ ಹೇಳಲಿಲ್ಲ?"

"ಅವತ್ತು ಹೇಳಾಕ ಬಂದಿದ್ನೆಲ್ಲರಿ. ನೀವು ಜರಡಿ ನೋಡು ಅಂದ್ರಿ. ಎಲ್ಲಾರೂ ನಕ್ರು, ಇವ್ರೂ ನಕ್ರು. ಎರಡನೇ ಸರ್ತಿಗೆ ಬಾಯಿ ಬರಲಿಲ್ರಿ. ಓದಿದವರು ಹೇಳ್ಯಾರ ಅಂದಮ್ಯಾಲೆ ಇರಬೇಕು ಅಂದ್ಕೊಂಡೆ. ಹಗ್ಗ ಒಂದು ಗಟ್ಟಿ ಕಟ್ಟಿದೆ." ಅವಳು ಅಂಗೈಯ ಮೇಲಿನ ಹಗ್ಗದ ಗೀರುಗಳನ್ನು ನೋಡಿಕೊಂಡಳು. "ನಾನೂ ಸುಮ್ಮನ ನಿಂತೆ. ನನ್ನ ಗಂಡ ಇಳಿಯೋ ಮುಂದ ನಾ ಸುಮ್ಮನ ನಿಂತೆ."

ತಂದೆಯ ಮಾತನ್ನು ನಾನು ಎರಡು ಬಗೆಯಲ್ಲಿ ಕೆಡಿಸಿದ್ದೆ: ಮೊದಲು ಅದನ್ನು ಆರತಿಯೆಂದುಕೊಂಡು, ಆಮೇಲೆ ಆರತಿಗೆ ಬ್ಯಾಟರಿಯೂ ಸಾಕೆಂದುಕೊಂಡು. ತಾಯಿ ಒಲ್ಲೆ ಎನ್ನುವಳೆಂದು ಮಗುವಿನಂತೆ ನಂಬಿದ್ದರೂ ಸಾಕಿತ್ತು, ಉರಿಯುವ ದೀಪವನ್ನೇ ಇಳಿಸುತ್ತಿದ್ದೆ. ಭಾವವೇ ಮುಖ್ಯವೆಂದು ಪಂಡಿತನಾದದ್ದರಿಂದ ಕೆಟ್ಟೆ.

ಮರುದಿನ ಮಧ್ಯಾಹ್ನ ಅವನು ಪೂರ್ತಿ ಕಣ್ಣು ತೆರೆದ. ನಾವಿಬ್ಬರೂ ಹಾಸಿಗೆಯ ಪಕ್ಕ ನಿಂತಿದ್ದೆವು. ಅವನು ಹೆಂಡತಿಯನ್ನು ಬಹಳ ಹೊತ್ತು ನೋಡಿದ. ಗುರುತು ಹಿಡಿಯುವನೋ ಇಲ್ಲವೋ ಎಂದು ನಾನು ಮಂಚದ ಸರಳು ಹಿಡಿದು ಕಾಯುತ್ತಿದ್ದೆ.

"ಯಾಕ ಹಿಂಗ ನೋಡಾಕತ್ತಿ?" ಎಂದ. "ಎಮ್ಮಿ ಹಿಂಡಿದ್ಯೋ ಇಲ್ಲೋ?"

ಅವಳು ಗೋಡೆ ಹಿಡಿದುಕೊಂಡು ಕುಳಿತುಬಿಟ್ಟಳು. ಅತ್ತಳೋ ನಕ್ಕಳೋ ತಿಳಿಯಲಿಲ್ಲ. ಹಗೇವಿಗೆ ಇಳಿದದ್ದು ಅವನಿಗೆ ನೆನಪೇ ಇರಲಿಲ್ಲ. ಇಂದಿಗೂ ಇಲ್ಲ. ಗಡಿಗೆಗಳೆಷ್ಟಿದ್ದವೆಂದು ಯಾರಾದರೂ ಕೇಳಿದರೆ, "ಯಾವ ಗಡಿಗಿ?" ಎನ್ನುತ್ತಾನೆ. ಕೆಲವು ತಿಂಗಳು ಮಾತಿನ ನಡುವೆ ಶಬ್ದ ಮರೆಯುತ್ತಿದ್ದ. ಈಗ ಅದೂ ಇಲ್ಲ.

ಅವನು ಮನೆಗೆ ಮರಳಿದ ದಿನವೇ ಗಾಳಿಯ ಯಂತ್ರ ಬಂದಿತು. ಮಳೆ ಎರಡು ಹನಿ ಉದುರಿಸಿ ಮುಂದಕ್ಕೆ ಹೋಗಿತ್ತು. ಮುಖ್ಯಸ್ಥೆ ಬಾಡಿದ ಮುಖದಿಂದ ಬಂದು, ಯಂತ್ರದಿಂದ ಪರೀಕ್ಷಿಸಿ, ಪೈಪಿನಿಂದ ಗಾಳಿ ಊದಿಸಿ, ತರಬೇತಾದವರನ್ನೇ ಇಳಿಸಬಹುದು, ಆದರೆ ನೆಲದ ಒಡೆಯರಾಗಿ ನೀವು ಒಪ್ಪಬೇಕು ಎಂದಳು. ಆ ಗಡಿಗೆಗಳ ಬಾಯಿ ಕಟ್ಟಿದೆ, ಒಳಗೆ ಏನಿದೆಯೋ ಎಂಬ ಆಸೆ ಆಕೆಯ ಕಣ್ಣಿನಲ್ಲಿತ್ತು. ನನ್ನಲ್ಲಿಯೂ ಇರಲಿಲ್ಲವೆಂದರೆ ಸುಳ್ಳಾದೀತು. ಆದರೆ ಆ ಒಪ್ಪಿಗೆಯ ಅಧಿಕಾರ ನನ್ನಲ್ಲಿ ಉಳಿದಿರಲಿಲ್ಲ. ರೈತನ ಹೆಂಡತಿಯನ್ನು ಕರೆಸಿದೆ.

ಅವಳು ಯಂತ್ರದ ಕಡೆಗೆ ನೋಡಲಿಲ್ಲ. ಮನೆಯಿಂದ ಪಣತಿ ತಂದಿದ್ದಳು. ಬತ್ತಿ ಹೊಸೆದು, ಎಣ್ಣೆ ಹಾಕಿ, ಹಚ್ಚಿ, ತಂತಿಯಿಂದ ಇಳಿಬಿಟ್ಟಳು. ಮಸಿಯ ಮಾತನ್ನು ಈ ಸಲ ಯಾರೂ ಎತ್ತಲಿಲ್ಲ. ಒಂದು ಮೊಳ, ಎರಡು ಮೊಳ. ಜ್ವಾಲೆ ಉದ್ದವಾಯಿತು, ಕೆಂಪಾಯಿತು, ಬತ್ತಿಯ ತುದಿಯನ್ನು ಬಿಟ್ಟು ಮೇಲೆದ್ದಂತೆ ಕಂಡು ಇಲ್ಲವಾಯಿತು. ಅಷ್ಟು ದಿನ ಬಾಯಿ ತೆರೆದಿದ್ದರೂ ಆ ಗಾಳಿ ಅಲ್ಲಿಯೇ ನೀರಿನಂತೆ ನಿಂತಿತ್ತು.

"ಮುಚ್ಚರಿ," ಎಂದಳು. "ಹಂಚು ಬಿಟ್ಟು ಹೋದವರು ಗಡಿಗಿ ಬಾಯಿ ಕಟ್ಟಿ ಒಳಗಿಟ್ಟಾರ. ಬರ್ತೀವಿ ಅಂತ ಇಟ್ಟಾರ. ಬರಲಿಲ್ಲ. ನಾವು ಒಬ್ಬರನ್ನ ಕೊಡೋದಿತ್ತು, ತಪ್ಪೇತಿ. ಸಾಕ್ರಿ."

ಚಪ್ಪಡಿ ಎಳೆದು ಮಣ್ಣು ಮೆತ್ತಿದರು. ನಾನು ಆ ದೀಪದ ಚೀಟಿಯನ್ನು ತರಿಸಿಕೊಂಡು "ನಂದಾದೀಪ" ಎಂಬುದನ್ನು ಹೊಡೆದುಹಾಕಿ, ಅವಳಿಂದ ಹೇಳಿಸಿಕೊಂಡು ಅವಳ ಮಾತಿನಲ್ಲಿಯೇ ಬರೆದೆ: ಹಗೇವಿಗೆ ಇಳಿಬಿಡುವ ದೀಪ, ಆರಿದರೆ ಇಳಿಯಬಾರದು. ಯಾರು ಗುರುತಿಸಿದರೆಂಬಲ್ಲಿ ಅವಳ ಹೆಸರು ಹಾಕಿಸಿದೆ. ಹಗೇವಿನ ಬಗೆಗೆ ವರದಿಯಲ್ಲಿ ಏನು ಬರೆಯಲಿ ಎಂದು ಮುಖ್ಯಸ್ಥೆ ಕೇಳಿದಳು. ನೋಡಲಿಲ್ಲವೆಂದು ಬರೆಯಿರಿ ಎಂದೆ.

ತಂಡ ಹೋಯಿತು. ಅಗೆದ ತಗ್ಗಿಗೆ ಮಣ್ಣು ತುಂಬಿದೆವು. ಈ ವರ್ಷ ಅದರ ಮೇಲೆಯೇ ಗೋವಿನಜೋಳ ಬಿತ್ತನೆ. ಆ ಮೂಲೆಗೆ ನೇಗಿಲು ಹಾಯಿಸಬೇಡ, ಬಿಟ್ಟುಬಿಡು ಎಂದು ನಾನು ಹೇಳಿದರೂ ರೈತ ಕೇಳುವುದಿಲ್ಲ. ಅವನಿಗೆ ಹೆದರಿಕೆಯಿಲ್ಲ, ನೆನಪಿಲ್ಲದ್ದಕ್ಕೆ ಹೆದರುವುದು ಹೇಗೆ? ಹೆದರಿಕೆಯೆಲ್ಲ ನಮ್ಮಿಬ್ಬರ ಪಾಲಿಗೆ ಬಂದಿದೆ. ಮೊನ್ನೆ ಬೇವಿನ ಕೆಳಗೆ ಕುಳಿತು ಜಪ ಮಾಡುತ್ತಿದ್ದೆ. ಅವನು ಟ್ರ್ಯಾಕ್ಟರು ಹೊಡೆಯುತ್ತ ಏರಿನ ಆ ಬದಿಗೆ ಇಳಿದು ಕಣ್ಣಿಗೆ ಮರೆಯಾದ. ಸದ್ದು ಮಾತ್ರ ಬರುತ್ತಿತ್ತು. ಒಮ್ಮೆಲೇ ಅದು ನಿಂತಿತು. ನನಗರಿವಿಲ್ಲದೆ ಎದ್ದು ನಿಂತಿದ್ದೆ. ಬುತ್ತಿ ಬಿಚ್ಚುತ್ತಿದ್ದ ಅವನ ಹೆಂಡತಿಯೂ ಎದ್ದು ನಿಂತಿದ್ದಳು, ರೊಟ್ಟಿ ಕೈಯಲ್ಲಿಯೇ ಇತ್ತು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ.

"ಏ, ಡೀಸೆಲ್ ತೀರೇತಿ! ಕ್ಯಾನ್ ತಗೊಂಡು ಬಾ!" ಎಂಬ ಕೂಗು ಏರಿನಾಚೆಯಿಂದ ಬಂದಿತು.

"ಬಂದೆ," ಎಂದು ಅವಳು ಕೂಗಿದಳು. ಆದರೂ ಅವನ ತಲೆ ಏರಿನ ಮೇಲೆ ಕಾಣುವವರೆಗೂ ಅವಳು ಕುಳಿತುಕೊಳ್ಳಲಿಲ್ಲ. ನಾನೂ ಕುಳಿತುಕೊಳ್ಳಲಿಲ್ಲ.